ಎರಡು ಬಾಗಿಲಿನ ನಾಲ್ಕು ಜನರ ಟೆಂಟ್: ಗೆಳೆಯರ ಜೊತೆ ಬೇಸಿಗೆ ಪೂರ್ತಿ ಬಳಸಿ ಬರೆದದ್ದು

ಗೆಳೆಯರ ಗುಂಪಿಗೆ ಟೆಂಟ್ ಹುಡುಕುತ್ತಿದ್ದೀರಾ? ಹಾಗಾದರೆ ಎಷ್ಟು ಜನ ಮಲಗಬಹುದು ಅನ್ನುವುದಕ್ಕಿಂತ ಮೊದಲು ಎಷ್ಟು ಬಾಗಿಲು ಇದೆ ಅಂತ ನೋಡಿ. ಈ ಬೇಸಿಗೆಯಲ್ಲಿ ಬಿಡುವು ಸಿಕ್ಕಾಗಲೆಲ್ಲ ನಾವು ಕ್ಯಾಂಪಿಂಗ್ ಹೋದೆವು. ಬೆಟ್ಟದ ಮೇಲೆ, ಕಾಡಿನ ಅಂಚಿನಲ್ಲಿ, ಹೊಳೆಯಿಂದ ಸ್ವಲ್ಪ ದೂರದಲ್ಲಿ, ಕಡಲ ದಂಡೆಯ ಮರಳಿನಲ್ಲೂ ಇದೇ ಟೆಂಟ್ ಹಾಕಿದ್ದೇವೆ. ಬಿಸಿಲು, ಇಬ್ಬನಿ, ಗಾಳಿ, ಗುಡುಗು ಮಳೆ ಎಲ್ಲವನ್ನೂ ಅದು ಕಂಡಿದೆ. ಹಾಗಾಗಿ ಪೆಟ್ಟಿಗೆ ಬಿಚ್ಚಿದ ದಿನವೇ ಬರೆಯುವ ವಿಮರ್ಶೆ ಇದಲ್ಲ.

ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ರಚನೆಯ ಟೆಂಟನ್ನು ಬೇಕಾದಷ್ಟು ಕಂಪನಿಗಳು ಮಾಡುತ್ತವೆ, ನೀವು ನೋಡಬೇಕಾದ್ದು ರಚನೆಯನ್ನು. ನಮ್ಮದು ಗುಮ್ಮಟದ ಆಕಾರದ, ಎರಡು ಪದರದ ಟೆಂಟ್. ಒಳಗೆ ಅರ್ಧಕ್ಕಿಂತ ಜಾಸ್ತಿ ಸೊಳ್ಳೆಜಾಲರಿ ಇರುವ ಒಳಟೆಂಟ್, ಮೇಲೆ ಪಾಲಿಯೆಸ್ಟರ್ ಹೊದಿಕೆ, ಅಲ್ಯೂಮಿನಿಯಂ ಕೋಲುಗಳು. ಎರಡು ಕಡೆ ಎರಡು ಬಾಗಿಲು, ಪ್ರತಿ ಬಾಗಿಲ ಮುಂದೆ ಹೊದಿಕೆಯೇ ಚಾಚಿಕೊಂಡು ಆಗುವ ಒಂದು ಪುಟ್ಟ ಜಗಲಿ. ವಿವರಪಟ್ಟಿಯಲ್ಲಿ ಅದನ್ನು ವೆಸ್ಟಿಬ್ಯೂಲ್ ಅಂತ ಬರೆದಿರುತ್ತಾರೆ.

ನಮ್ಮ ಗುಂಪಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಬಾಗಿಲಿನ ಬಗ್ಗೆ ನಾನು ಯಾಕೆ ಇಷ್ಟು ಮಾತಾಡುತ್ತೇನೆ ಅಂತ ಗೊತ್ತಾಗುವುದಿಲ್ಲ. ನಮ್ಮಲ್ಲಿ ಕೆಲವರು ಒಂದೇ ಪ್ರಾರ್ಥನಾ ಗುಂಪಿನಲ್ಲಿ ಬೆಳೆದವರು. ಬೆಳಗಿನ ಜಾವ ಎದ್ದು ಬೈಬಲ್ ಓದಿ ಪ್ರಾರ್ಥನೆ ಮಾಡುವುದು ನಮ್ಮ ರೂಢಿ, ಹೊರಗೆ ಹೋದಾಗ ಅದರ ಆಸೆ ಇನ್ನೂ ಜಾಸ್ತಿ. ಒಬ್ಬ ಗೆಳೆಯನಿಗೆ ದೇವರ ವಿಷಯದಲ್ಲಿ ಪ್ರಶ್ನೆಗಳೇ ತುಂಬಾ, ಆದರೆ ನಮ್ಮ ಜೊತೆ ಬರುವುದನ್ನು ತಪ್ಪಿಸುವುದಿಲ್ಲ. ಇನ್ನೊಬ್ಬನಿಗೆ ಬೆಟ್ಟ, ಬಂಡೆ, ಈಜು ಇವೇ ಪ್ರಾಣ. ದಿನವಿಡೀ ಹತ್ತಿ ಇಳಿದು ಸುಸ್ತಾಗಿ ಮಲಗಿದರೆ ಬಿಸಿಲು ಏರುವವರೆಗೆ ಏಳಲ್ಲ. ಗುಂಪಿನ ಗೆಳತಿಯರು ಬೇರೆ ಟೆಂಟ್ ತರುತ್ತಿದ್ದರು. ಅದು ಒಂದೇ ಬಾಗಿಲಿನದು, ಸುರಂಗದ ಆಕಾರದ್ದು. ಪಕ್ಕಪಕ್ಕದಲ್ಲೇ ಹಾಕುತ್ತಿದ್ದುದರಿಂದ ಎರಡನ್ನೂ ಹೋಲಿಸಿ ನೋಡುವುದು ಸುಲಭವಾಯಿತು.

ಒಂದೇ ಬಾಗಿಲಿನ ಟೆಂಟಿನಲ್ಲಿ ಒಳಗಿನ ಮೂಲೆಯಲ್ಲಿ ಮಲಗಿದವರು ಎದ್ದರೆ ಎಲ್ಲರೂ ಎದ್ದ ಹಾಗೆಯೇ. ಕಾಲು ದಾಟಬೇಕು, ಟಾರ್ಚ್ ಹಾಕಬೇಕು, ಜಿಪ್ ಎಳೆಯುವ ಸದ್ದು ಬೇರೆ. ಗೆಳತಿಯರಲ್ಲಿ ಇಬ್ಬರು ಬೆಳಗಿನ ಪ್ರಾರ್ಥನೆಗೆ ಬರುವವರು, ಉಳಿದವರಿಗೆ ನಿದ್ದೆ ಕೆಡುತ್ತದೆ ಅಂತ ಕತ್ತಲಲ್ಲೇ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದರಂತೆ. ನಮ್ಮ ಟೆಂಟಿನಲ್ಲಿ ಆ ತೊಂದರೆಯೇ ಬರಲಿಲ್ಲ. ಬೇಗ ಏಳುವವರು ಪೂರ್ವದ ಕಡೆಯ ಬಾಗಿಲ ಬಳಿ, ತಡವಾಗಿ ಏಳುವವರು ಇನ್ನೊಂದು ಕಡೆ. ಟೆಂಟ್ ಹಾಕುವಾಗಲೇ ದಿಕ್ಕು ನೋಡಿ ಹಾಕುತ್ತಿದ್ದೆವು. ನಾವು ಸದ್ದಿಲ್ಲದೆ ಹೊರಗೆ ಹೋಗಿ ಕೂರಬಹುದು, ಮಲಗಿದವನನ್ನು ಯಾರೂ ಎಬ್ಬಿಸಬೇಕಿಲ್ಲ, ನಾನು ಯಾಕೆ ಎದ್ದಿಲ್ಲ ಅಂತ ಅವನಿಗೂ ಅನ್ನಿಸಬೇಕಿಲ್ಲ. ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ನಂಬುವವರು, ನಂಬದವರು, ಇನ್ನೂ ಹುಡುಕುತ್ತಿರುವವರು ಒಟ್ಟಿಗೆ ಹೋಗುವ ಗುಂಪುಗಳಲ್ಲಿ ಮನಸ್ತಾಪ ಬರುವುದು ದೊಡ್ಡ ವಾದಗಳಿಂದ ಕಡಿಮೆ, ಇಂಥ ಕಿರಿಕಿರಿಗಳಿಂದಲೇ ಜಾಸ್ತಿ. ಪ್ರಶ್ನೆ ಕೇಳುವ ಗೆಳೆಯ ಬೇಸಿಗೆಯ ಕೊನೆಕೊನೆಗೆ ತಾನಾಗಿಯೇ ನಮ್ಮ ಕಡೆಯ ಬಾಗಿಲ ಬಳಿ ಹಾಸಿಗೆ ಹಾಕಲು ಶುರು ಮಾಡಿದ. ಯಾರೂ ಕರೆದಿರಲಿಲ್ಲ. ಬಂದು ಸುಮ್ನೆ ಕೂರುತ್ತಿದ್ದ, ಕೆಲವು ದಿನ ಕೇಳುತ್ತಿದ್ದ, ಕೆಲವು ದಿನ ಎದ್ದು ನಡೆದುಕೊಂಡು ಹೋಗುತ್ತಿದ್ದ. ನನಗೆ ಅದು ತುಂಬಾ ಖುಷಿ ಕೊಟ್ಟಿತು.

ಈಗ ನಾಲ್ಕು ಜನ ಅನ್ನುವ ಲೆಕ್ಕ. ಸಾಮಾನ್ಯ ಮಲಗುವ ಮ್ಯಾಟಿನ ಅಗಲ ಸುಮಾರು 51 ಸೆಂಟಿಮೀಟರ್. ನಾಲ್ಕನ್ನು ಒಂದಕ್ಕೊಂದು ತಾಗಿಸಿ ಹಾಕಿದರೆ 204 ಸೆಂಟಿಮೀಟರ್ ಆಯಿತು. ತಯಾರಕರು ನಾಲ್ಕು ಜನ ಅಂತ ಬರೆಯುವುದು ಹೆಚ್ಚೂಕಡಿಮೆ ಈ ಲೆಕ್ಕದಲ್ಲೇ, ಅದರಲ್ಲಿ ಬ್ಯಾಗಿಗೂ ಜಾಗವಿಲ್ಲ, ಮೊಣಕೈಗೂ ಜಾಗವಿಲ್ಲ. 64 ಸೆಂಟಿಮೀಟರಿನ ಅಗಲದ ಮ್ಯಾಟ್ ಇದ್ದರೆ ಮೂರು ಜನಕ್ಕೇ ಭರ್ತಿ. ನಾವು ಮೂರು ಜನ ಮಲಗಿದ ರಾತ್ರಿಗಳು ಆರಾಮಾಗಿದ್ದವು, ನಾಲ್ಕು ಜನ ಮಲಗಿದ ರಾತ್ರಿಗಳು ನಡೆಯುತ್ತಿದ್ದವು ಅಷ್ಟೇ. ಬ್ಯಾಗು, ಶೂ, ಒದ್ದೆ ಬಟ್ಟೆ ಎಲ್ಲ ಜಗಲಿಗೆ ಹೋಗುತ್ತಿದ್ದುದರಿಂದ ಬಚಾವಾದೆವು. ಜಗಲಿ ಇಲ್ಲದ ಟೆಂಟನ್ನು ಗುಂಪಿಗೆ ಅಂತ ಯಾರಾದರೂ ಮಾರಲು ಬಂದರೆ ಬೇಡ ಅನ್ನಿ.

ನೀರು ತಡೆಯುವ ಶಕ್ತಿಯ ಬಗ್ಗೆ ಜನ ತುಂಬಾ ತಲೆಕೆಡಿಸಿಕೊಳ್ಳುತ್ತಾರೆ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೆ ಅದು ಸೋರಲು ಶುರುವಾಗುತ್ತದೆ ಅನ್ನುವುದನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ನಮ್ಮ ಟೆಂಟಿನ ಹೊದಿಕೆಗೆ 2000, ನೆಲಕ್ಕೆ 3000. ನೆಲಕ್ಕೆ ಜಾಸ್ತಿ ಬೇಕು, ಯಾಕೆಂದರೆ ಒದ್ದೆ ಮಣ್ಣಿನ ಮೇಲೆ ಮೊಣಕಾಲೂರಿದಾಗ ಆ ಒಂದು ಜಾಗದಲ್ಲಿ ಬೀಳುವ ಒತ್ತಡ ಮಳೆ ಹನಿಯ ಒತ್ತಡಕ್ಕಿಂತ ಎಷ್ಟೋ ಪಾಲು ಹೆಚ್ಚು. ಬೇಸಿಗೆಯ ಮಳೆಗೆ ಈ ಅಂಕಿಗಳು ಸಾಕು. ಒಮ್ಮೆಯೂ ಮೇಲಿನಿಂದ ಸೋರಲಿಲ್ಲ. ಹೊಲಿಗೆಗಳ ಮೇಲೆ ಒಳಗಡೆ ಟೇಪ್ ಅಂಟಿಸಿದ್ದಾರಾ ಅನ್ನುವುದನ್ನು ಮಾತ್ರ ತಪ್ಪದೆ ನೋಡಿ, ಬಟ್ಟೆ ಎಷ್ಟೇ ಗಟ್ಟಿಯಾಗಿದ್ದರೂ ಸೂಜಿ ಚುಚ್ಚಿದ ತೂತು ತೂತೇ.

ಬೇಸಿಗೆಯಲ್ಲಿ ನಿಜವಾಗಿ ಕಾಡುವುದು ಒಳಗಿನ ನೀರು. ಮಲಗಿದ ಒಬ್ಬ ಮನುಷ್ಯ ರಾತ್ರಿಯಿಡೀ ಉಸಿರಿನಿಂದ, ಚರ್ಮದಿಂದ ನೂರಾರು ಮಿಲಿಲೀಟರ್ ನೀರನ್ನು ಆವಿಯಾಗಿ ಬಿಡುತ್ತಾನೆ. ನಾಲ್ಕು ಜನ ಸೇರಿದರೆ ಎಷ್ಟಾಯಿತು ನೋಡಿ. ಮೋಡವಿಲ್ಲದ ರಾತ್ರಿಯಲ್ಲಿ ಟೆಂಟಿನ ಹೊದಿಕೆ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆಗ ಈ ಆವಿ ಅದರ ಒಳಮೈಯಲ್ಲಿ ಹನಿಯಾಗಿ ಕೂರುತ್ತದೆ. ಬೆಳಿಗ್ಗೆ ಎದ್ದು ಟೆಂಟ್ ಸೋರಿದೆ ಅಂತ ದೂರುವವರಲ್ಲಿ ಬಹಳ ಜನ ನೋಡಿರುವುದು ತಮ್ಮದೇ ಉಸಿರನ್ನು. ಎರಡು ಬಾಗಿಲು ಇಲ್ಲಿ ಮತ್ತೆ ಕೈ ಹಿಡಿಯಿತು. ಎರಡೂ ಕಡೆ ಹೊದಿಕೆಯ ಜಿಪ್ಪನ್ನು ಮೇಲಿನಿಂದ ಒಂದು ಗೇಣು ತೆರೆದಿಟ್ಟರೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತದೆ. ಗೆಳತಿಯರ ಟೆಂಟಿನ ಒಳಮೈ ತೊಟ್ಟಿಕ್ಕುತ್ತಿದ್ದ ದಿನಗಳಲ್ಲಿ ನಮ್ಮದು ಬರೀ ಮಬ್ಬಾಗಿ ಒದ್ದೆಯಾಗಿರುತ್ತಿತ್ತು. ಮರದ ಕೆಳಗೆ ಹಾಕಿದಾಗ ಇಬ್ಬನಿಯ ಕಾಟ ಇನ್ನೂ ಕಡಿಮೆ, ಕೊಂಬೆಗಳು ಆಕಾಶವನ್ನು ಮರೆ ಮಾಡುತ್ತವೆ. ಆದರೆ ಒಣಗಿದ ಕೊಂಬೆ ತಲೆಯ ಮೇಲೆ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಜಾಗ ಆರಿಸಿ.

ಎರಡು ಪದರದ ಗುಡಾರ ಹೊಸ ಕಾಲದ ಬುದ್ಧಿ ಅಂತ ನಾನು ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ನಾವು ವಿಮೋಚನಕಾಂಡದ 26ನೇ ಅಧ್ಯಾಯ ಓದುತ್ತಿದ್ದೆವು, ಇಸ್ರಾಯೇಲರು ಮರಳುಗಾಡಿನಲ್ಲಿ ಆರಾಧನೆಗೆ ಬಳಸಿದ ದೇವದರ್ಶನದ ಗುಡಾರ ಕಟ್ಟುವ ವಿವರ ಅದರಲ್ಲಿದೆ. ಒಳಗೆ ನಾರುಬಟ್ಟೆಯ ಪರದೆ, ಅದರ ಮೇಲೆ ಆಡಿನ ಕೂದಲಿನಿಂದ ನೇಯ್ದ 11 ಪರದೆ, ಅದರ ಮೇಲೆ ಚರ್ಮದ ಹೊದಿಕೆ. ಬಟ್ಟೆಯ ಅಳತೆ, ಕೊಂಡಿ, ಕುಣಿಕೆ ಎಲ್ಲವನ್ನೂ ಬರೆದಿದ್ದಾರೆ. ಆಡಿನ ಕೂದಲಿನ ಬಟ್ಟೆ ಒದ್ದೆಯಾದಾಗ ನೂಲು ಉಬ್ಬಿ ನೇಯ್ಗೆಯ ಕಂಡಿ ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ಗಾಳಿ ಆಡುತ್ತದೆ. ಮರಳುಗಾಡಿನ ಅಲೆಮಾರಿ ಜನ ಇಂದಿಗೂ ಅಂಥ ಗುಡಾರ ಬಳಸುತ್ತಾರೆ. ಟೆಂಟಿನ ಜಗಲಿಯಲ್ಲಿ ಕೂತು ಅದನ್ನು ಓದಿದಾಗ, ಮೊದಲೆಲ್ಲ ಹಾರಿಸಿಕೊಂಡು ಹೋಗುತ್ತಿದ್ದ ಆ ಅಧ್ಯಾಯ ನಮಗೆ ಕೈಗೆ ಸಿಗುವ ಹಾಗಾಯಿತು. ಹೊಸ ಒಡಂಬಡಿಕೆಯ ಅಪೊಸ್ತಲ ಪೌಲನೂ ಗುಡಾರ ಮಾಡುವ ಕಸುಬಿನವನು. ಗ್ರೀಸಿನ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಇದ್ದು ಅದೇ ಕೆಲಸ ಮಾಡಿದ. ಬಂಡೆ ಹತ್ತುವ ನಮ್ಮ ಗೆಳೆಯ, ಬೇರೆ ಯಾವುದಕ್ಕೂ ಕಿವಿ ಕೊಡದವನು, ಆವತ್ತು ಮೊದಲ ಸಲ ಕೂತು ಪೂರ್ತಿ ಕೇಳಿದ. ಹಗ್ಗ, ಗಂಟು, ಹೊಲಿಗೆ ಅಂದರೆ ಅವನಿಗೆ ಅಷ್ಟು ಇಷ್ಟ.

ಗುಮ್ಮಟದ ಟೆಂಟ್ ಮಾತ್ರ ಅಷ್ಟು ಹಳೆಯದಲ್ಲ. ಅಮೆರಿಕದ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್ ಅವರ ಗುಮ್ಮಟಗಳ ತತ್ವವನ್ನು ಹಿಡಿದು 1975ರಲ್ಲಿ ನಾರ್ತ್ ಫೇಸ್ ಕಂಪನಿ ಕೋಲುಗಳು ಒಂದನ್ನೊಂದು ದಾಟಿ ಹೋಗುವ ಟೆಂಟ್ ತಂದಿತು. ಕೋಲುಗಳು ದಾಟುವ ಕಡೆಯೆಲ್ಲ ಒಂದಕ್ಕೊಂದು ಆಸರೆ ಕೊಡುವುದರಿಂದ ಯಾವ ದಿಕ್ಕಿನಿಂದ ಗಾಳಿ ಬಂದರೂ ಟೆಂಟ್ ತಡೆದುಕೊಳ್ಳುತ್ತದೆ. ನಮ್ಮದರಲ್ಲಿ ಎರಡು ಉದ್ದದ ಕೋಲು, ಮೇಲೆ ಅಡ್ಡಕ್ಕೆ ಒಂದು ಗಿಡ್ಡ ಕೋಲು ಅಷ್ಟೇ, ಆದರೂ ಬೆಟ್ಟದ ಗಾಳಿಗೆ ಬಗ್ಗಿ ಮತ್ತೆ ಎದ್ದು ನಿಂತಿತು. ಅಲ್ಯೂಮಿನಿಯಂ ಇರುವುದನ್ನೇ ಕೊಳ್ಳಿ. ಫೈಬರ್‌ಗ್ಲಾಸ್ ಭಾರ, ಮುರಿದರೆ ಸಿಬಿರೆದ್ದು ಬಟ್ಟೆಯನ್ನೂ ಹರಿಯುತ್ತದೆ, ಕೈಗೂ ಚುಚ್ಚುತ್ತದೆ. ಅಲ್ಯೂಮಿನಿಯಂ ಬಗ್ಗಿದರೆ ದಾರಿಯಲ್ಲೇ ಒಂದು ಗಿಡ್ಡ ಕೊಳವೆ ತೊಡಿಸಿ ಕೆಲಸ ನಡೆಸಬಹುದು. ಕೋಲು ತೂರಿಸಲು ಬಟ್ಟೆಯಲ್ಲಿ ಹೊಲಿದಿರುವ ತೋಳಿನೊಳಗೆ ಅದನ್ನು ತಳ್ಳಬೇಕು, ಎಳೆಯಬಾರದು, ಎಳೆದರೆ ಜೋಡಣೆ ಬಿಟ್ಟುಕೊಳ್ಳುತ್ತದೆ. ಮಡಚುವಾಗ ನಡುವಿನಿಂದ ಶುರು ಮಾಡಿ, ಒಳಗಿನ ರಬ್ಬರ್ ದಾರದ ಮೇಲೆ ಎರಡೂ ಕಡೆ ಸಮ ಎಳೆತ ಬೀಳುತ್ತದೆ.

ಗುಡುಗಿನ ರಾತ್ರಿಯ ಬಗ್ಗೆ ಬರೆಯಲೇಬೇಕು. ಬೋಳು ಬೆಟ್ಟದ ಹೆಗಲ ಮೇಲೆ ಟೆಂಟ್ ಹಾಕಿದ್ದೆವು, ಸಂಜೆ ಆಕಾಶ ಶುಭ್ರವಾಗಿತ್ತು. ರಾತ್ರಿ ದೂರದಲ್ಲಿ ಮಿಂಚು ಕಾಣಲು ಶುರುವಾಯಿತು. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿದೆವು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು, 30 ಸೆಕೆಂಡಿಗಿಂತ ಕಡಿಮೆ ಅಂದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ ಅಂತ ಲೆಕ್ಕ, ಆಗ ಅಲ್ಲಿ ಇರಬಾರದು. ಯಾವ ಟೆಂಟೂ ಸಿಡಿಲಿನಿಂದ ಕಾಪಾಡುವುದಿಲ್ಲ, ಎಷ್ಟೇ ದುಬಾರಿಯಾಗಿರಲಿ. ನಾವು ಎಲ್ಲವನ್ನೂ ಹಾಗೇ ಬಿಟ್ಟು ಕೆಳಗೆ ನಿಲ್ಲಿಸಿದ್ದ ಕಾರುಗಳಿಗೆ ಇಳಿದೆವು. ತಗಡಿನ ಮೇಲ್ಛಾವಣಿ ಇರುವ, ಕಿಟಕಿ ಮುಚ್ಚಿದ ಗಾಡಿ ಸುರಕ್ಷಿತ ಜಾಗ. ಅಲ್ಲಿ ಕೂತು ಪ್ರಾರ್ಥಿಸಿದೆವು, ಜೋರಾಗಿ, ಭಯದಿಂದಲೇ, ಗೆಳತಿಯೊಬ್ಬಳು ಅತ್ತಳು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಯಾರೂ ಹೊರಗೆ ಕಾಲಿಡಲಿಲ್ಲ. ದೇವರ ಮೇಲೆ ನಂಬಿಕೆ ಇದೆ ಅಂತ ಬೆಟ್ಟದ ಮೇಲೇ ಕೂರುವುದು ನನಗೆ ಸರಿ ಕಾಣುವುದಿಲ್ಲ. ಎಣಿಸಲು, ಇಳಿಯಲು ಬುದ್ಧಿ ಕೊಟ್ಟವನೂ ಅವನೇ ಅಲ್ವಾ. ಕೆಲವು ಗುಂಪುಗಳು ಇಂಥ ಹೊತ್ತಿನಲ್ಲಿ ಓಡುವುದನ್ನು ಅಪನಂಬಿಕೆ ಅನ್ನುತ್ತವೆ, ಅಂಥವರ ಜೊತೆ ದಯವಿಟ್ಟು ಬೆಟ್ಟಕ್ಕೆ ಹೋಗಬೇಡಿ.

ಮೇಲೆ ಬಂದು ನೋಡಿದರೆ ಟೆಂಟ್ ನಿಂತಿತ್ತು, ಒಳಗೆ ಒಣಗಿತ್ತು. ಒಂದು ಬದಿಯ ಎಳೆಹಗ್ಗ ಕಟ್ಟುವ ಪಟ್ಟಿಯ ಹೊಲಿಗೆ ಮಾತ್ರ ಅರ್ಧ ಬಿಚ್ಚಿತ್ತು. ಈ ಟೆಂಟಿನ ಮೇಲೆ ನನ್ನ ದೊಡ್ಡ ದೂರು ಇದೇ. ಗಾಳಿಯ ಎಳೆತವೆಲ್ಲ ಬೀಳುವ ಜಾಗ ಅದು, ಅಲ್ಲಿ ಒಂದೇ ಸಾಲು ಹೊಲಿಗೆ ಹಾಕಿದ್ದಾರೆ. ಮಾರಿದವರಿಗೆ ಫೋಟೋ ಸಮೇತ ಬರೆದೆವು, ಉತ್ತರ ಬರಲು ತಡವಾಯಿತು, ಬಂದಾಗಲೂ ಗಾಳಿಯಿಂದ ಆದದ್ದಕ್ಕೆ ಖಾತರಿ ಇಲ್ಲ ಅಂದರು. ಟೆಂಟ್ ಇರುವುದೇ ಗಾಳಿಯಲ್ಲಿ ನಿಲ್ಲಲು, ಹಾಗಾಗಿ ಆ ಉತ್ತರ ನನಗೆ ಬೇಸರ ತಂದಿತು. ಗೆಳತಿಯೊಬ್ಬಳು ದಪ್ಪ ಪಾಲಿಯೆಸ್ಟರ್ ದಾರದಿಂದ ಎರಡು ಸಾಲು ಹೊಲಿದು ಮೇಲೆ ಹೊಲಿಗೆ ಮುಚ್ಚುವ ಅಂಟು ಸವರಿದಳು. ಆಮೇಲೆ ಜಗ್ಗಲಿಲ್ಲ. ನೀವು ಕೊಳ್ಳುವಾಗ ಆ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿ.

ಜೊತೆಗೆ ಕೊಡುವ ಗೂಟಗಳೂ ಚೆನ್ನಾಗಿಲ್ಲ. ದಪ್ಪ ತಂತಿ ಬಗ್ಗಿಸಿ ಮಾಡಿದವು. ಗಟ್ಟಿ ನೆಲದಲ್ಲಿ ಬಗ್ಗುತ್ತವೆ, ಮೆತ್ತಗಿನ ನೆಲದಲ್ಲಿ ತಿರುಗಿ ಕಿತ್ತು ಬರುತ್ತವೆ. ಮೂರು ಅಂಚಿನ ಅಲ್ಯೂಮಿನಿಯಂ ಗೂಟ ಬೇರೆ ಕೊಂಡೆವು, ಮಣ್ಣನ್ನು ಚೆನ್ನಾಗಿ ಹಿಡಿಯುತ್ತವೆ. ಮರಳಿನಲ್ಲಿ ಅವೂ ನಿಲ್ಲಲ್ಲ. ಅಲ್ಲಿ ಹಗ್ಗವನ್ನು ಗೂಟದ ನಡುವಿಗೆ ಕಟ್ಟಿ, ಗೂಟವನ್ನು ಅಡ್ಡಡ್ಡ ಮಲಗಿಸಿ ಆಳವಾಗಿ ಹೂತು ಮೇಲೆ ಮರಳು ತುಳಿದು ಗಟ್ಟಿ ಮಾಡಬೇಕು.

ಇನ್ನು ತೂಕ. ಎಲ್ಲ ಸೇರಿ 4 ಕಿಲೋ ದಾಟುತ್ತದೆ. ಒಬ್ಬರೇ ಹೊತ್ತರೆ ಕಷ್ಟ, ಹಂಚಿಕೊಂಡರೆ ಏನೂ ಅಲ್ಲ: ಒಬ್ಬನ ಬ್ಯಾಗಿಗೆ ಕೋಲು ಮತ್ತು ಗೂಟ, ಒಬ್ಬನಿಗೆ ಹೊದಿಕೆ, ಒಬ್ಬನಿಗೆ ಒಳಟೆಂಟ್. ಹಾಗೆ ಹಂಚಿಕೊಂಡ ಮೇಲೆ ಇನ್ನೊಂದು ಆಯಿತು, ಯಾರೂ ಗುಂಪು ಬಿಟ್ಟು ಮುಂದೆ ಓಡುವ ಹಾಗಿಲ್ಲ, ಒಬ್ಬ ಬರದಿದ್ದರೆ ಟೆಂಟೇ ಏಳುವುದಿಲ್ಲ. ಬಂಡೆ ಗೆಳೆಯನಿಗೂ ನಿಧಾನ ಮಾಡಬೇಕಾಯಿತು.

ಒಳಟೆಂಟಿನಲ್ಲಿ ಜಾಲರಿ ಜಾಸ್ತಿ ಇರುವುದರಿಂದ ಎತ್ತರದ ಜಾಗದಲ್ಲಿ ರಾತ್ರಿ ತಣ್ಣನೆ ಗಾಳಿ ನುಗ್ಗುತ್ತದೆ. ಎತ್ತರ 1000 ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ತಂಪು ಕೂಡುತ್ತದೆ, ಬೇಸಿಗೆ ಅಂತ ತೆಳು ಹೊದಿಕೆ ಒಯ್ದವರಿಗೆ ಬೆಳಗಿನ ಜಾವ ನಡುಕ ಗ್ಯಾರಂಟಿ. ಆದರೆ ಅದೇ ಜಾಲರಿಯ ಕಾರಣಕ್ಕೆ ಈ ಟೆಂಟ್ ನನಗೆ ಇಷ್ಟ. ಮಳೆಯ ಸೂಚನೆ ಇಲ್ಲದ ರಾತ್ರಿ ಮೇಲ್ಹೊದಿಕೆಯನ್ನು ಅರ್ಧಕ್ಕೆ ಸುತ್ತಿ ಕಟ್ಟಿದರೆ ಮಲಗಿದಲ್ಲೇ ಆಕಾಶ. ಮೇ ಮೊದಲ ವಾರದಲ್ಲಿ ಈಟಾ ಅಕ್ವೇರಿಡ್ ಉಲ್ಕೆಗಳು ಬೀಳುತ್ತವೆ, ಹ್ಯಾಲಿ ಧೂಮಕೇತು ಬಿಟ್ಟುಹೋದ ದೂಳಿನಿಂದ ಆಗುವಂಥವು, ಚೆನ್ನಾಗಿ ಕಾಣುವುದು ಬೆಳಕು ಹರಿಯುವ ಮೊದಲಿನ ಒಂದೆರಡು ಗಂಟೆ. ಅವತ್ತು ಮಾತ್ರ ಎರಡೂ ಬಾಗಿಲಿನವರು ಎದ್ದಿದ್ದರು. ಪ್ರಾರ್ಥನೆಗೆ ಅಂತ ಎದ್ದ ನಾವು ಬಹಳ ಹೊತ್ತು ಮಾತೇ ಆಡಲಿಲ್ಲ, ಒಬ್ಬರಿಗೊಬ್ಬರು ಕೈ ತೋರಿಸುತ್ತಾ ನೋಡುತ್ತಾ ಇದ್ದೆವು, ಆಮೇಲೆ ಒಬ್ಬ ನಿಧಾನಕ್ಕೆ ಕೀರ್ತನೆ ಹಾಡಲು ಶುರು ಮಾಡಿದ, ಉಳಿದವರು ದನಿ ಸೇರಿಸಿದೆವು. ದೇವರು ಹತ್ತಿರ ಇದ್ದಾನೆ ಅಂತ ನನಗೆ ಅಷ್ಟು ಸ್ಪಷ್ಟವಾಗಿ ಅನ್ನಿಸಿದ್ದು ಕಡಿಮೆ.

ಜಗಲಿಯಲ್ಲಿ ಮಳೆ ಬಂದಾಗ ಸ್ಟೋವ್ ಹಚ್ಚುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ಸ್ಟೋವಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಟೆಂಟಿನಲ್ಲಿ ನಿದ್ದೆ ಬಂದ ಹಾಗೆ ಅನ್ನಿಸಿ ಪ್ರಾಣವೇ ಹೋಗುತ್ತದೆ. ಬೆಂಕಿ ತಗುಲಿದರೆ ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ನಾವು ಅಡುಗೆಗೆ ಅಂತ ಬೇರೆಯೇ ಒಂದು ಟಾರ್ಪಾಲನ್ನು ಟೆಂಟಿನಿಂದ ದೂರಕ್ಕೆ, ನಾಲ್ಕೂ ಕಡೆ ತೆರೆದಿರುವಂತೆ ಕಟ್ಟುತ್ತಿದ್ದೆವು. ನೀರಿನ ಅಂಚಿನಿಂದ 60 ಮೀಟರ್ ಆಚೆ ಟೆಂಟ್ ಹಾಕುವ ಪದ್ಧತಿಯನ್ನೂ ಬಿಡಬೇಡಿ, ನೀರಿಗೆ ಬರುವ ಪ್ರಾಣಿಗಳಿಗೆ ದಾರಿ ಸಿಗುತ್ತದೆ, ನೀರೂ ಕೊಳಕಾಗುವುದಿಲ್ಲ.

ಮನೆಗೆ ಬಂದ ಮೇಲಿನ ಕೆಲಸವೂ ಟೆಂಟಿನ ಆಯಸ್ಸನ್ನು ತೀರ್ಮಾನಿಸುತ್ತದೆ. ಒದ್ದೆ ಟೆಂಟನ್ನು ಸುತ್ತಿ ಮೂಲೆಗೆ ಹಾಕಿದರೆ ಬಟ್ಟೆಗೆ ಬಳಿದ ಪಾಲಿಯುರೆಥೇನ್ ಲೇಪ ತೇವಕ್ಕೆ ಒಡೆದು ಅಂಟಂಟಾಗುತ್ತದೆ, ಕೆಟ್ಟ ವಾಸನೆ ಬರುತ್ತದೆ, ಮತ್ತೆ ಸರಿಹೋಗುವುದಿಲ್ಲ. ನೆರಳಲ್ಲಿ ಪೂರ್ತಿ ಒಣಗಿಸಿ ಸಡಿಲವಾಗಿ ಇಡಿ. ಬಿಸಿಲಿನ ನೇರಳಾತೀತ ಕಿರಣ ಬಟ್ಟೆಯನ್ನು ತಿನ್ನುತ್ತದೆ, ನೈಲಾನಿಗಿಂತ ಪಾಲಿಯೆಸ್ಟರ್ ಸ್ವಲ್ಪ ಜಾಸ್ತಿ ತಡೆಯುತ್ತದೆ, ಮಳೆಯಲ್ಲಿ ನೈಲಾನಿನಷ್ಟು ಜೋಲುವುದೂ ಇಲ್ಲ. ನಾವು ಪಾಲಿಯೆಸ್ಟರ್ ಆರಿಸಿದ್ದು ಅದಕ್ಕೇ.

ಇಬ್ಬರೇ ಹೋಗುವವರಿಗೆ, ದಿನವಿಡೀ ಬೆನ್ನ ಮೇಲೆ ಹೊತ್ತು ನಡೆಯುವವರಿಗೆ ಇದು ಬೇಡ, ಹಗುರದ್ದು ನೋಡಿ. ಮೂರು ನಾಲ್ಕು ಗೆಳೆಯರು, ಬೇರೆ ಬೇರೆ ಹೊತ್ತಿಗೆ ಏಳುವವರು, ಒಂದೇ ಕಡೆ ಎರಡು ರಾತ್ರಿ ತಂಗುವವರಾದರೆ ಕಣ್ಣುಮುಚ್ಚಿ ಎರಡು ಬಾಗಿಲಿನದನ್ನೇ ತೆಗೆದುಕೊಳ್ಳಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಒಂದು ಕಳೆದದ್ದು ಆ ಹೊಲಿಗೆಗೆ ಮತ್ತು ಗೂಟಗಳಿಗೆ. ಯಾರೋ ಬಳಸಿದ್ದನ್ನು ಕೊಳ್ಳುವುದಾದರೆ ಫೋಟೋ ನಂಬಬೇಡಿ. ಹೊದಿಕೆ ಬಿಡಿಸಿ ಒಳಮೈ ಮುಟ್ಟಿ ಅಂಟುತ್ತದಾ ನೋಡಿ, ಮೂಸಿ ನೋಡಿ, ಎರಡೂ ಬಾಗಿಲಿನ ಜಿಪ್ಪನ್ನು ತುದಿಯಿಂದ ತುದಿಗೆ ಎಳೆಯಿರಿ, ಕೋಲು ಪೂರ್ತಿ ಜೋಡಿಸಿ ಬಗ್ಗಿಸಿ ನೋಡಿ.